ಕೋಟೆಯ ಬಾಗಿಲೇ ವೈರಿಯಾದಾಗ

ರಕ್ತನಾಳಗಳ ಅಪರೂಪದ ಕ್ಯಾನ್ಸರ್‌ಗಳ ಒಳಗೂ ಹೊರಗೂ ರೋಗನಿರೋಧಕ ಕೋಶಗಳು ಎಲ್ಲಿ ನಿಂತಿವೆ, ಯಾಕೆ ಸುಮ್ಮನಿವೆ? ವಿಜ್ಞಾನಿಗಳು ಇದರ ನಕ್ಷೆ ಬರೆಯುತ್ತಿದ್ದಾರೆ. ಆ ನಕ್ಷೆಯಲ್ಲಿ ಮಾಗಡಿ, ಕನಕಪುರ, ಚನ್ನಪಟ್ಟಣದ ರೋಗಿಗಳಿಗೂ ಜಾಗ ಬೇಕು.

ಸಾವನದುರ್ಗವನ್ನು ಬುಡದಲ್ಲಿ ನಿಂತು ನೋಡಿದವರಿಗೆ ಅದೊಂದು ಅಭೇದ್ಯ ಕೋಟೆಯಾಗಿತ್ತು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಬೃಹತ್ ಬಂಡೆ. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ನೆತ್ತಿಗಳು, ನಡುವೆ ಕಂದರ. ಕೆಳಗೆ ವೀರಭದ್ರಸ್ವಾಮಿ, ನರಸಿಂಹಸ್ವಾಮಿ ಗುಡಿಗಳು. ಮಾಗಡಿ ಕೆಂಪೇಗೌಡರ ವಂಶದವರ ಕೈಯಲ್ಲಿದ್ದ ಈ ದುರ್ಗ 1728ರಲ್ಲಿ ಮೈಸೂರಿನ ವಶವಾಯಿತು. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕಾವಲುಪಡೆಯಿಂದ ಅದನ್ನು ಕಿತ್ತುಕೊಂಡಿತು. ಆ ಮುತ್ತಿಗೆಯಲ್ಲಿ ಫಿರಂಗಿ ಮೊಳಗುವುದಕ್ಕೆ ಮುಂಚೆ ಆಗಬೇಕಿದ್ದ ಕೆಲಸ ಇನ್ನೊಂದಿತ್ತು. ಸುತ್ತಲ ದಟ್ಟ ಕಾಡನ್ನು ಅರಿಯಬೇಕಿತ್ತು, ಅದರೊಳಗೆ ಫಿರಂಗಿ ಎಳೆಯಲು ದಾರಿ ಕಡಿಯಬೇಕಿತ್ತು. ಕೋಟೆಯ ಬಲವೆಂದರೆ ಬರೀ ಗೋಡೆಯ ದಪ್ಪವಲ್ಲ. ಒಳಗೆ ಯಾರಿದ್ದಾರೆ, ಹೊರಗೆ ಯಾರಿದ್ದಾರೆ, ಯಾವ ಬಾಗಿಲು ಯಾರ ಕೈಯಲ್ಲಿದೆ ಎಂಬುದೂ ಅದರ ಬಲವೇ.

ಕ್ಯಾನ್ಸರ್ ಗಡ್ಡೆಯನ್ನು ವೈದ್ಯವಿಜ್ಞಾನ ಈಗ ಹೀಗೆಯೇ ನೋಡತೊಡಗಿದೆ. ಗಡ್ಡೆಯೆಂದರೆ ಕೆಟ್ಟ ಕೋಶಗಳ ರಾಶಿ ಮಾತ್ರವಲ್ಲ. ಅದರೊಳಗೆ ಟಿ ಕೋಶ, ಬಿ ಕೋಶ, ಮ್ಯಾಕ್ರೋಫೇಜ್‌ಗಳಂಥ ರೋಗನಿರೋಧಕ ಕೋಶಗಳಿರುತ್ತವೆ, ನಾರುಗಳಿರುತ್ತವೆ, ರಕ್ತನಾಳಗಳಿರುತ್ತವೆ. ಕೆಲವು ಗಡ್ಡೆಗಳೊಳಗೆ ಟಿ ಕೋಶಗಳು ನುಗ್ಗಿ ಹೋರಾಡುತ್ತಿರುತ್ತವೆ. ಕೆಲವದರಲ್ಲಿ ಅವು ಅಂಚಿನಲ್ಲೇ ಸಾಲುಗಟ್ಟಿ ನಿಂತಿರುತ್ತವೆ, ಒಳಗೆ ಕಾಲಿಡಲಾಗದೆ. ಇನ್ನು ಕೆಲವದರಲ್ಲಿ ಹೋರಾಡುವವರೇ ಇಲ್ಲ. ಯಾವ ರೋಗಿಗೆ ಯಾವ ಔಷಧಿ ಹಿಡಿಯುತ್ತದೆ ಎಂಬ ಪ್ರಶ್ನೆಗೆ ಉತ್ತರದ ಒಂದು ಪಾಲು ಈ ಚಿತ್ರದಲ್ಲಿ ಅಡಗಿದೆ.

ರಕ್ತನಾಳದ ಕ್ಯಾನ್ಸರ್‌ಗಳಲ್ಲಿ ಈ ಚಿತ್ರಕ್ಕೆ ಬೇರೆಲ್ಲೂ ಇಲ್ಲದ ಒಂದು ತಿರುವು ಇದೆ.

ಬಾಗಿಲು ಕಾಯುವ ಕೋಶ

ನಮ್ಮ ಪ್ರತಿಯೊಂದು ರಕ್ತನಾಳದ ಒಳಮೈಗೆ ಒಂದೇ ಒಂದು ಕೋಶದಷ್ಟು ತೆಳುವಾದ ಅಸ್ತರಿ ಇದೆ. ಅದರ ಹೆಸರು ಎಂಡೋಥೀಲಿಯಂ. ರಕ್ತದಲ್ಲಿ ಹರಿದು ಬರುವ ಬಿಳಿ ರಕ್ತಕಣ ಗಾಯದ ಜಾಗಕ್ಕೋ ಸೋಂಕಿನ ಜಾಗಕ್ಕೋ ಹೋಗಬೇಕಾದರೆ ಈ ಅಸ್ತರಿಯ ಒಪ್ಪಿಗೆ ಬೇಕು. ಅಲ್ಲಿನ ಕೋಶಗಳು ತಮ್ಮ ಮೈಮೇಲೆ ಸೆಲೆಕ್ಟಿನ್‌ನಂಥ ಅಂಟು ಅಣುಗಳನ್ನು ಹೊರಚಾಚುತ್ತವೆ. ಬಿಳಿ ರಕ್ತಕಣ ಅದಕ್ಕೆ ತಾಗಿ ವೇಗ ಕಳೆದುಕೊಂಡು ಉರುಳುತ್ತದೆ, ಅಂಟಿ ನಿಲ್ಲುತ್ತದೆ, ಕೊನೆಗೆ ಎರಡು ಕೋಶಗಳ ಸಂದಿಯಲ್ಲಿ ನುಸುಳಿ ಹೊರಬೀಳುತ್ತದೆ.

ಸ್ತನ, ಶ್ವಾಸಕೋಶ, ಜಠರ, ಯಾವ ಕ್ಯಾನ್ಸರೇ ಆಗಲಿ, ಬೆಳೆಯಲು ಅದಕ್ಕೆ ರಕ್ತನಾಳ ಬೇಕು. ಅದಕ್ಕಾಗಿ ಗಡ್ಡೆ ವಿಇಜಿಎಫ್ ಎಂಬ ಪ್ರೋಟೀನನ್ನು ಸುರಿಸುತ್ತದೆ. ಅದೇ ಪ್ರೋಟೀನು ಅಸ್ತರಿ ಕೋಶಗಳ ಅಂಟು ಅಣುಗಳನ್ನು ಅಡಗಿಸಿ ಟಿ ಕೋಶಗಳಿಗೆ ಬಾಗಿಲು ಮುಚ್ಚಿಸುತ್ತದೆ. ಅಲ್ಲಿ ಬಾಗಿಲು ಕಾಯುವವನು ಶತ್ರುವಿನ ಒತ್ತಡಕ್ಕೆ ಮಣಿದಿರುತ್ತಾನೆ, ಅಷ್ಟೆ. ಆಂಜಿಯೋಸಾರ್ಕೋಮಾ ಎಂಬ ರಕ್ತನಾಳದ ಕ್ಯಾನ್ಸರ್‌ನಲ್ಲಿ ಹಾಗಲ್ಲ. ಅಲ್ಲಿ ಕ್ಯಾನ್ಸರ್ ಆಗಿ ಮಾರ್ಪಟ್ಟಿರುವುದೇ ಈ ಅಸ್ತರಿ ಕೋಶ. ರೋಗನಿರೋಧಕ ಪಡೆಯನ್ನು ಒಳಬಿಡಬೇಕಾದ ಬಾಗಿಲೇ ವೈರಿಯಾಗಿ ನಿಂತಿದೆ. ಹೀಗಾಗಿ ಬೇರೆ ಕ್ಯಾನ್ಸರ್‌ಗಳಲ್ಲಿ ಕಲಿತ ಪಾಠವನ್ನು ಇಲ್ಲಿಗೆ ತಂದು ಹಾಗೇ ಅಂಟಿಸಲಾಗದು. ಈ ಕಾಯಿಲೆಗಳಿಗೆ ಅವುಗಳದ್ದೇ ನಕ್ಷೆ ಬೇಕು.

ಈ ಗುಂಪಿನಲ್ಲಿ ಮುಖ್ಯವಾದವು ಮೂರು. ಒಂದು, ಅತ್ಯಂತ ಆಕ್ರಮಣಕಾರಿಯಾದ ಆಂಜಿಯೋಸಾರ್ಕೋಮಾ. ವಯಸ್ಕರ ಕ್ಯಾನ್ಸರ್‌ಗಳಲ್ಲಿ ಎಲ್ಲ ಬಗೆಯ ಸಾರ್ಕೋಮಾಗಳು (ಮೂಳೆ, ಸ್ನಾಯು, ರಕ್ತನಾಳದಂಥ ಅಂಗಾಂಶಗಳ ಕ್ಯಾನ್ಸರ್‌ಗಳು) ಸೇರಿದರೂ ಸುಮಾರು ಶೇ 1. ಮೃದು ಅಂಗಾಂಶದ ಸಾರ್ಕೋಮಾಗಳಲ್ಲಿ ಆಂಜಿಯೋಸಾರ್ಕೋಮಾದ ಪಾಲು ಶೇ 1ರಿಂದ 2. ತಲೆಬುರುಡೆಯ ಚರ್ಮ, ಮುಖ, ಸ್ತನ, ಯಕೃತ್ತು, ಗುಲ್ಮ, ಹೃದಯ, ಎಲ್ಲಿ ಬೇಕಾದರೂ ಅದು ಹುಟ್ಟಬಹುದು. ಎರಡನೆಯದು ಎಪಿಥೀಲಿಯಾಯ್ಡ್ ಹೆಮಾಂಜಿಯೋಎಂಡೋಥೀಲಿಯೋಮಾ, ವೈದ್ಯರ ಬಾಯಲ್ಲಿ ಇಎಚ್‌ಇ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೆ ಬಂದರೂ ಹೆಚ್ಚು ಎನ್ನುವಷ್ಟು ಅಪರೂಪ. ಎರಡು ಜೀನ್‌ಗಳು ತುಂಡಾಗಿ ಒಂದಕ್ಕೊಂದು ಬೆಸೆದುಕೊಳ್ಳುವುದೇ ಬಹುಪಾಲು ಇಎಚ್‌ಇಗೆ ಮೂಲ ಎಂಬುದು 2011ರಲ್ಲಿ ಗೊತ್ತಾಯಿತು. ಮೂರನೆಯದು ಕಪೋಸಿ ಸಾರ್ಕೋಮಾ. ರೋಗನಿರೋಧಕ ಶಕ್ತಿಗೂ ರಕ್ತನಾಳದ ಕ್ಯಾನ್ಸರ್‌ಗೂ ಇರುವ ನಂಟನ್ನು ಜಗತ್ತಿಗೆ ಮೊದಲು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಇದೇ.

ಕಪೋಸಿ ಕಲಿಸಿದ ಪಾಠ

1872ರಲ್ಲಿ ವಿಯೆನ್ನಾದ ಚರ್ಮವೈದ್ಯ ಮೋರಿಟ್ಸ್ ಕಪೋಸಿ ವಿವರಿಸಿದ ಈ ಕಾಯಿಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಪಠ್ಯಪುಸ್ತಕದ ಮೂಲೆಯಲ್ಲೇ ಉಳಿದಿತ್ತು. 1981ರ ಜುಲೈನಲ್ಲಿ ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾದ 26 ಪುರುಷರಲ್ಲಿ ಅದು ಕಾಣಿಸಿಕೊಂಡಿತೆಂಬ ವರದಿ ಬಂತು. ಏಡ್ಸ್ ಎಂಬ ಮಹಾಮಾರಿಯ ಮೊದಲ ಸುಳಿವುಗಳಲ್ಲಿ ಅದೂ ಒಂದು. 1994ರಲ್ಲಿ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ದಂಪತಿ ಈ ಗಡ್ಡೆಗಳಲ್ಲಿ ಹೊಸ ಹರ್ಪಿಸ್ ವೈರಸ್ಸನ್ನು ಪತ್ತೆ ಮಾಡಿದರು.

ಅದಕ್ಕಿಂತಲೂ ದೊಡ್ಡ ಪಾಠ ಚಿಕಿತ್ಸೆಯಲ್ಲಿ ಸಿಕ್ಕಿತು. ಎಚ್‌ಐವಿ ಔಷಧಿ ಕೊಟ್ಟು ರೋಗನಿರೋಧಕ ಶಕ್ತಿ ಚೇತರಿಸಿಕೊಂಡರೆ, ಅನೇಕರಲ್ಲಿ ಕಪೋಸಿ ಗಡ್ಡೆಗಳು ಕ್ಯಾನ್ಸರ್ ಔಷಧಿಯಿಲ್ಲದೆಯೇ ಕುಗ್ಗಿದವು. ಇಟಲಿಯ ಬಾರಿ ನಗರದ ವೈದ್ಯರು 2005ರಲ್ಲಿ ಇನ್ನೊಂದು ಸಂಗತಿ ತೋರಿಸಿಕೊಟ್ಟರು. ಮೂತ್ರಪಿಂಡ ಕಸಿಯಾದ 15 ರೋಗಿಗಳಿಗೆ ಕಪೋಸಿ ಬಂದಿತ್ತು. ರೋಗನಿರೋಧಕ ಶಕ್ತಿಯನ್ನು ಅಡಗಿಸಲು ಕೊಡುತ್ತಿದ್ದ ಸೈಕ್ಲೋಸ್ಪೋರಿನ್ ನಿಲ್ಲಿಸಿ ಸಿರೊಲಿಮಸ್ ಎಂಬ ಬೇರೆ ಔಷಧಿ ಕೊಟ್ಟಾಗ ಅವರ ಚರ್ಮದ ಗಡ್ಡೆಗಳು ಮಾಯವಾದವು, ಕಸಿ ಮಾಡಿದ ಮೂತ್ರಪಿಂಡವೂ ಉಳಿಯಿತು.

ಕರ್ನಾಟಕವೂ ಸೇರಿದಂತೆ ಎಚ್‌ಐವಿ ಹೆಚ್ಚಿದ್ದ ಆರು ರಾಜ್ಯಗಳಲ್ಲಿ 2004ರ ಏಪ್ರಿಲ್ 1ರಂದು ಸರ್ಕಾರ ಉಚಿತ ಎಆರ್‌ಟಿ (ಎಚ್‌ಐವಿ ಔಷಧಿ) ಚಿಕಿತ್ಸೆ ಆರಂಭಿಸಿತು. ಆಫ್ರಿಕಾದಲ್ಲಿ ಕಪೋಸಿ ಹಬ್ಬಿದಷ್ಟು ನಮ್ಮಲ್ಲಿ ಹಬ್ಬಲಿಲ್ಲ. ಕಪೋಸಿಗೆ ಕಾರಣವಾದ ಹರ್ಪಿಸ್ ವೈರಸ್ ನಮ್ಮ ಜನರಲ್ಲಿ ವಿರಳವಾಗಿದ್ದುದೇ ಇದಕ್ಕೆ ಮುಖ್ಯ ಕಾರಣ. ಆದರೂ ಪಾಠ ನಮಗೂ ಒಂದೇ: ರಕ್ತನಾಳದ ಕ್ಯಾನ್ಸರ್ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳಬಲ್ಲದು, ಅದರ ಕೈಗೆ ಸಿಗಬಲ್ಲದು.

ಮೈಕ್ರಾನ್ ದಪ್ಪದ ಚೂರಿನಲ್ಲಿ

ನಕ್ಷೆ ಬರೆಯುವುದು ಹೇಗೆ? ರೋಗಿಯಿಂದ ತೆಗೆದ ತುಣುಕನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಪ್ಯಾರಾಫಿನ್ ಮೇಣದ ಅಚ್ಚಿನಲ್ಲಿ ಕೂರಿಸುತ್ತಾರೆ. ಆಸ್ಪತ್ರೆಯವರು ಅದನ್ನು ‘ಬ್ಲಾಕ್’ ಎನ್ನುತ್ತಾರೆ. ಅದರಿಂದ ನಾಲ್ಕು ಮೈಕ್ರಾನ್ ದಪ್ಪದ ಚೂರು ಕತ್ತರಿಸಿ ಗಾಜಿನ ಸ್ಲೈಡ್ ಮೇಲೆ ಹರಡಿ ಬಣ್ಣ ಹಾಕುತ್ತಾರೆ. ಆಂಜಿಯೋಸಾರ್ಕೋಮಾದ ಸ್ಲೈಡನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ನೇರಳೆ ಕೋಶಕೇಂದ್ರಗಳು ಒಂದರ ಮೇಲೊಂದು ಒತ್ತಿಕೊಂಡು ಅಂಕುಡೊಂಕಾದ ಕಾಲುವೆಗಳನ್ನು ಕಟ್ಟಿರುತ್ತವೆ. ರಕ್ತನಾಳ ಕಟ್ಟುವ ಹಳೆಯ ಕಸುಬನ್ನು ಆ ಕೋಶಗಳು ಮರೆತಿಲ್ಲ, ಆದರೆ ಅಳತೆ ತಪ್ಪಿದೆ. ಕಾಲುವೆಗಳಲ್ಲಿ ಕೆಂಪು ರಕ್ತಕಣಗಳು ತುಂಬಿರುತ್ತವೆ, ಅಲ್ಲಲ್ಲಿ ಹೊರಗೂ ಚೆಲ್ಲಿರುತ್ತವೆ. ಸಿಡಿ31, ಇಆರ್‌ಜಿ ಎಂಬ ಗುರುತುಗಳಿಗೆ ಬಣ್ಣ ಹಿಡಿದರೆ ಇದು ರಕ್ತನಾಳದ ಅಸ್ತರಿಯಿಂದಲೇ ಹುಟ್ಟಿದ ಗಡ್ಡೆ ಎಂದು ಖಚಿತವಾಗುತ್ತದೆ.

ರೋಗನಿರ್ಣಯ ಇಲ್ಲಿಗೆ ಮುಗಿಯಿತು. ನಕ್ಷೆಯ ಕೆಲಸ ಇಲ್ಲಿಂದ ಶುರು. ಅದೇ ಬ್ಲಾಕಿನ ಪಕ್ಕದ ಚೂರಿಗೆ ಸಿಡಿ8 ಪರೀಕ್ಷೆ ಮಾಡಿದರೆ ಕೊಲ್ಲುವ ಟಿ ಕೋಶಗಳು ಕಂದು ಚುಕ್ಕೆಗಳಾಗಿ ಮೂಡುತ್ತವೆ. ಸಿಡಿ163ರಿಂದ ಗಡ್ಡೆಯ ಪರವಾಗಿ ಕೆಲಸ ಮಾಡುವ ಮ್ಯಾಕ್ರೋಫೇಜ್‌ಗಳು ಕಾಣುತ್ತವೆ. ಫಾಕ್ಸ್‌ಪಿ3 ಇರುವವು ಹೋರಾಟವನ್ನು ತಣ್ಣಗಾಗಿಸುವ ಟಿ ಕೋಶಗಳು. ಪಿಡಿ-ಎಲ್1 ಎಂಬುದು ಟಿ ಕೋಶಗಳಿಗೆ ‘ನಿಲ್ಲು’ ಎಂದು ಸನ್ನೆ ಮಾಡುವ ಅಣು. ಈಗಿನ ಯಂತ್ರಗಳು ಇವನ್ನೆಲ್ಲ ಒಂದೇ ಚೂರಿನ ಮೇಲೆ ಹಲವು ಬಣ್ಣಗಳಲ್ಲಿ ತೋರಿಸಬಲ್ಲವು. ಯಾವ ಜಾಗದಲ್ಲಿ ಯಾವ ಜೀನ್ ಚುರುಕಾಗಿದೆ ಎಂದು ಚೂರಿನ ಮೇಲೇ ಗುರುತಿಸುವ ಸ್ಪೇಷಿಯಲ್ ಟ್ರಾನ್ಸ್‌ಕ್ರಿಪ್ಟೋಮಿಕ್ಸ್ ತಂತ್ರವನ್ನು ‘ನೇಚರ್ ಮೆಥಡ್ಸ್’ ಪತ್ರಿಕೆ 2020ರ ವರ್ಷದ ವಿಧಾನವೆಂದು ಆರಿಸಿತ್ತು. ಯಾವ ಕೋಶ ಎಷ್ಟಿದೆ ಎಂಬುದಕ್ಕಿಂತ ಯಾವುದು ಯಾರ ಪಕ್ಕದಲ್ಲಿದೆ ಎಂಬುದು ಇಲ್ಲಿ ಮುಖ್ಯ.

ಇದೇ 2020ರಲ್ಲಿ ಪ್ಯಾರಿಸ್ಸಿನ ತಂಡವೊಂದು ಮೃದು ಅಂಗಾಂಶದ ಸಾರ್ಕೋಮಾಗಳನ್ನು ಅವುಗಳ ರೋಗನಿರೋಧಕ ಪರಿಸರದ ಮೇಲೆ ಐದು ವರ್ಗಗಳಾಗಿ ವಿಂಗಡಿಸಿತು. ಒಂದು ವರ್ಗದ ತುಂಬ ರಕ್ತನಾಳಗಳ ಗುರುತುಗಳೇ ಎದ್ದು ಕಂಡವು. ಇನ್ನೊಂದರಲ್ಲಿ ಬಿ ಕೋಶಗಳು ಗುಂಪುಗೂಡಿ, ಗಡ್ಡೆಯೊಳಗೇ ಪುಟ್ಟ ದುಗ್ಧಗ್ರಂಥಿಗಳಂಥ ರಚನೆ ಕಟ್ಟಿಕೊಂಡಿದ್ದವು. ಆ ವರ್ಗದ ರೋಗಿಗಳು ಹೆಚ್ಚು ಕಾಲ ಬದುಕಿದರು, ರೋಗನಿರೋಧಕ ಪಡೆಯನ್ನು ಎಬ್ಬಿಸುವ ಇಮ್ಯುನೋಥೆರಪಿಗೂ ಚೆನ್ನಾಗಿ ಸ್ಪಂದಿಸಿದರು.

ರೋಗಿಗಳೇ ಕಟ್ಟಿದ ನಕ್ಷೆ

ಅಪರೂಪದ ಕಾಯಿಲೆಯ ದೊಡ್ಡ ಕಷ್ಟವೆಂದರೆ ಸಂಖ್ಯೆ. ಅಮೆರಿಕದಲ್ಲೇ ವರ್ಷಕ್ಕೆ ಆಂಜಿಯೋಸಾರ್ಕೋಮಾ ಆಗುವುದು ಸುಮಾರು 300 ಜನರಿಗೆ. ಯಾವ ಒಂದು ಆಸ್ಪತ್ರೆಗೂ ಸಂಶೋಧನೆಗೆ ಸಾಕಾಗುವಷ್ಟು ರೋಗಿಗಳು ಬರುವುದಿಲ್ಲ. ಇದಕ್ಕೆ ಪರಿಹಾರ ಬಂದದ್ದು ರೋಗಿಗಳಿಂದ. ಸ್ವತಃ ಈ ಕ್ಯಾನ್ಸರ್‌ನಿಂದ ಬದುಕುಳಿದ ವಿಜ್ಞಾನಿ ಕೊರಿ ಪೇಂಟರ್ ಮುಂದಾಳತ್ವದಲ್ಲಿ 2017ರಲ್ಲಿ ಬ್ರಾಡ್ ಇನ್‌ಸ್ಟಿಟ್ಯೂಟ್ ‘ಆಂಜಿಯೋಸಾರ್ಕೋಮಾ ಪ್ರಾಜೆಕ್ಟ್’ ಆರಂಭಿಸಿತು. ರೋಗಿಗಳು ಮನೆಯಲ್ಲೇ ಕುಳಿತು ಒಪ್ಪಿಗೆ ಕೊಟ್ಟರು. ಸಂಶೋಧಕರು ಆಯಾ ಆಸ್ಪತ್ರೆಗಳಿಂದ ಬ್ಲಾಕುಗಳನ್ನು ತರಿಸಿಕೊಂಡರು.

36 ರೋಗಿಗಳ 47 ಗಡ್ಡೆಗಳನ್ನು ಓದಿದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ತಲೆ, ಮುಖ, ಕುತ್ತಿಗೆಯ ಚರ್ಮದ ಆಂಜಿಯೋಸಾರ್ಕೋಮಾಗಳಲ್ಲಿ ಮ್ಯುಟೇಷನ್‌ಗಳು, ಅಂದರೆ ಜೀನ್‌ಗಳಲ್ಲಾದ ಬದಲಾವಣೆಗಳು, ಅಪಾರ ಸಂಖ್ಯೆಯಲ್ಲಿದ್ದವು. ಅವುಗಳ ಮೇಲೆ ಸೂರ್ಯನ ಅತಿನೇರಳೆ ಕಿರಣದ ಗುರುತಿತ್ತು. ಮ್ಯುಟೇಷನ್ ಹೆಚ್ಚಿದ್ದಷ್ಟೂ ಕೋಶದ ಮೈಮೇಲೆ ಅಪರಿಚಿತ ಪ್ರೋಟೀನುಗಳು ಹೆಚ್ಚು, ಟಿ ಕೋಶಗಳ ಕಣ್ಣಿಗೆ ಅವು ಬೀಳುವ ಸಂಭವವೂ ಹೆಚ್ಚು. ಪಿಡಿ-ಎಲ್1ರ ‘ನಿಲ್ಲು’ ಸನ್ನೆ ಹಿಡಿಯುವ ಪಿಡಿ-1 ಅಣುವನ್ನು ತಡೆಯುವ ಔಷಧಿ ಪಡೆದಿದ್ದ ಅಂಥ ಇಬ್ಬರು ರೋಗಿಗಳು ಅಸಾಧಾರಣವಾಗಿ ಗುಣ ಕಂಡಿದ್ದರು. ಈ ಬಗೆಯ ಔಷಧಿಗಳಿಗೆ ದಾರಿ ಮಾಡಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೋಂಜೋ ಅವರಿಗೆ 2018ರಲ್ಲಿ ನೊಬೆಲ್ ಸಂದಿತ್ತು.

ಸಿಂಗಪುರದ ವೈದ್ಯರೂ 2020ರಲ್ಲೇ ಏಷ್ಯಾದ ರೋಗಿಗಳ ಗಡ್ಡೆಗಳಲ್ಲಿ ಬೇರೆ ಬೇರೆ ಉಪಗುಂಪುಗಳನ್ನು ಗುರುತಿಸಿದರು. ಅವುಗಳಲ್ಲೊಂದು ರೋಗನಿರೋಧಕ ಕೋಶಗಳಿಂದ ತುಂಬಿತ್ತು. 2021ರಲ್ಲಿ ಅಮೆರಿಕದ ಪ್ರಯೋಗವೊಂದರಲ್ಲಿ 16 ರೋಗಿಗಳಿಗೆ ಎರಡು ಇಮ್ಯುನೋಥೆರಪಿ ಔಷಧಿಗಳನ್ನು ಒಟ್ಟಿಗೆ ಕೊಟ್ಟ ಫಲಿತಾಂಶ ಬಂತು. ಒಟ್ಟಾರೆ ನಾಲ್ಕು ಜನರ ಗಡ್ಡೆ ಕುಗ್ಗಿತು. ತಲೆಬುರುಡೆ ಅಥವಾ ಮುಖದ ಚರ್ಮದಲ್ಲಿ ರೋಗ ಹುಟ್ಟಿದ್ದ ಐವರಲ್ಲಿ ಮೂವರಿಗೆ ಫಲ ಸಿಕ್ಕಿತು. ಸಂಖ್ಯೆ ಪುಟ್ಟದು, ಆದರೆ ಅದು ತೋರಿಸುವ ದಿಕ್ಕು ನಕ್ಷೆ ತೋರಿಸಿದ ದಿಕ್ಕೇ. ಒಂದೇ ಹೆಸರಿನ ಕಾಯಿಲೆಯ ಒಳಗೆ ಹಲವು ಕಾಯಿಲೆಗಳಿವೆ. ಇಎಚ್‌ಇಯಂಥ ಗಡ್ಡೆಗಳಲ್ಲಿ ಮ್ಯುಟೇಷನ್ ಬಹಳ ಕಡಿಮೆ. ಅಲ್ಲಿ ಇದೇ ಔಷಧಿಯಿಂದ ಇದೇ ಫಲ ಬರುತ್ತದೆಂದು ಯಾರೂ ಭರವಸೆ ಕೊಡಲಾರರು.

ಊದಿದ ಕೈ, ಆನೆಕಾಲು

ನಮ್ಮ ಜನ ತಿಳಿಯಬೇಕಾದ ಇನ್ನೊಂದು ಕೊಂಡಿ ದುಗ್ಧರಸದ್ದು. 1948ರಲ್ಲಿ ಸ್ಟೀವರ್ಟ್ ಮತ್ತು ಟ್ರೀವ್ಸ್ ಎಂಬ ವೈದ್ಯರು ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ದುಗ್ಧರಸ ಕಟ್ಟಿಕೊಂಡು ವರ್ಷಗಟ್ಟಲೆ ಕೈ ಊದಿಕೊಂಡಿದ್ದ ಆರು ಮಹಿಳೆಯರಲ್ಲಿ ಆಂಜಿಯೋಸಾರ್ಕೋಮಾ ಬೆಳೆದುದನ್ನು ವರದಿ ಮಾಡಿದರು. ಸ್ತನಕ್ಕೆ ವಿಕಿರಣ ಚಿಕಿತ್ಸೆ ಪಡೆದ ಕೆಲವರಲ್ಲಿ ವರ್ಷಗಳ ನಂತರ ಅದೇ ಜಾಗದ ಚರ್ಮದಲ್ಲಿ ಇದು ಕಾಣಿಸುವುದುಂಟು. ಅಂಥ ಗಡ್ಡೆಗಳಲ್ಲಿ ‘ಮಿಕ್’ ಎಂಬ ಜೀನಿನ ಪ್ರತಿಗಳು ಹೆಚ್ಚಿರುತ್ತವೆ. ಆನೆಕಾಲು ರೋಗದ ಹಳೆಯ ಊತದಲ್ಲೂ ಅಪರೂಪವಾಗಿ ಇದು ಹುಟ್ಟಿದ ವರದಿಗಳಿವೆ. ಕಲಬುರಗಿ, ಬೀದರ್ ಕಡೆ, ಕರಾವಳಿಯಲ್ಲಿ ಆನೆಕಾಲು ಪೀಡಿತರನ್ನು ಕಂಡಿರುವ ನಾಡು ನಮ್ಮದು.

ಕಾರಣ ಯೋಚಿಸಿದರೆ ಇದೂ ರೋಗನಿರೋಧಕ ಪರಿಸರದ ಮಾತೇ. ದುಗ್ಧನಾಳಗಳೆಂದರೆ ರೋಗನಿರೋಧಕ ಕೋಶಗಳು ಓಡಾಡುವ ದಾರಿ. ದಾರಿ ಕಟ್ಟಿದ ಅಂಗಕ್ಕೆ ಕಾವಲು ಸಡಿಲವಾಗುತ್ತದೆ. ಹಾಗೆಂದು ವಿಕಿರಣ ಚಿಕಿತ್ಸೆಗೆ ಹೆದರಬಾರದು. ಅದರಿಂದ ಉಳಿಯುವ ಜೀವಗಳ ಮುಂದೆ ಈ ಅಪಾಯ ತೀರಾ ಸಣ್ಣದು. ಊದಿದ ಕೈಯ ಮೇಲೆ ನೀಲಿ-ನೇರಳೆ ಗಂಟು ಕಂಡರೆ ತಡಮಾಡದೆ ತೋರಿಸಬೇಕು, ಅಷ್ಟೇ.

ನಕ್ಷೆಯಿಂದ ಹೊರಗುಳಿದವರು

ಸಾವನದುರ್ಗದ ಬುಡದ ಹಳ್ಳಿಯ ಅರವತ್ತು ದಾಟಿದ ರೈತರೊಬ್ಬರ ತಲೆಯ ಮೇಲೆ ನೇರಳೆ ಬಣ್ಣದ ಕಲೆ ಎದ್ದಿದೆ ಎಂದಿಟ್ಟುಕೊಳ್ಳಿ. ‘ಎಲ್ಲೋ ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿದೆ’ ಎನ್ನುತ್ತಾರೆ ಮನೆಯವರು. ಸರ್ಪಸುತ್ತು ಇರಬೇಕೆಂದು ಯಾರೋ ಕೆಂಪುಮಣ್ಣು ಹಚ್ಚಿಸುತ್ತಾರೆ. ಕಲೆ ಹಿಗ್ಗುತ್ತದೆ, ಒಸರುತ್ತದೆ. ಬಯಾಪ್ಸಿ ಎಂದೊಡನೆ ‘ಚಾಕು ತಾಗಿದರೆ ಕ್ಯಾನ್ಸರ್ ಹರಡುತ್ತೆ’ ಎಂಬ ಭಯ. ಮಾಗಡಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಎರಡು ತಾಸಿನ ದಾರಿ. ಆದರೆ ಕಲೆ ಕಂಡ ದಿನದಿಂದ ಬಯಾಪ್ಸಿಯ ದಿನಕ್ಕೆ ಹಿಡಿಯುವುದು ತಿಂಗಳುಗಳು. ಆಂಜಿಯೋಸಾರ್ಕೋಮಾಕ್ಕೆ ಅಷ್ಟು ಕಾಲ ಕೊಡುವಂತಿಲ್ಲ.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಿಂದ ಈ ನಾಡಿನ ಬಡ ಕ್ಯಾನ್ಸರ್ ರೋಗಿಗಳ ದೊಡ್ಡ ಆಸರೆ. ಅಲ್ಲಿನ ಜನಸಂಖ್ಯೆ ಆಧಾರಿತ ಕ್ಯಾನ್ಸರ್ ನೋಂದಣಿ ದೇಶದ ಹಳೆಯ ನೋಂದಣಿಗಳಲ್ಲೊಂದು. 1982ರಿಂದ ಅಂಕಿಅಂಶ ಕಲೆಹಾಕುತ್ತ ಬಂದಿದೆ. ಆದರೆ ಅದು ಹುಟ್ಟಿದ್ದು ಬೆಂಗಳೂರು ನಗರ ಪ್ರದೇಶಕ್ಕಾಗಿ. ಮಾಗಡಿಯ ಹೊಲದ ರೈತ ಚಿಕಿತ್ಸೆಗೆ ಅಲ್ಲಿಗೇ ಬಂದರೂ ಆ ಲೆಕ್ಕಕ್ಕೆ ಹೊರಗಿನವನು. ಇಡೀ ದೇಶದ ಕ್ಯಾನ್ಸರ್ ನೋಂದಣಿಗಳನ್ನು ನಿರ್ವಹಿಸುವ ಐಸಿಎಂಆರ್ ಕೇಂದ್ರ ಇರುವುದೂ ಬೆಂಗಳೂರಿನಲ್ಲೇ. ಹತ್ತು ಸಾವಿರ ಭಾರತೀಯರ ಜೀನೋಮ್ ಓದಿದ ‘ಜೀನೋಮ್ ಇಂಡಿಯಾ’ ಯೋಜನೆಯನ್ನು ಮುನ್ನಡೆಸಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ. ಅದರ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು. ಗಡ್ಡೆಯಲ್ಲಿ ಕಂಡ ಬದಲಾವಣೆ ಹುಟ್ಟಿನಿಂದ ಬಂದದ್ದೋ ಕ್ಯಾನ್ಸರ್ ತಂದದ್ದೋ ಎಂದು ಬೇರ್ಪಡಿಸಲು ಇಂಥ ದತ್ತಾಂಶ ಬೇಕೇಬೇಕು. ನೋಂದಣಿ, ಜೀನೋಮ್ ಪ್ರಯೋಗಾಲಯ, ಕ್ಯಾನ್ಸರ್ ಆಸ್ಪತ್ರೆ ಮೂರೂ ಒಂದೇ ಊರಿನಲ್ಲಿವೆ. ಅಪರೂಪದ ಕ್ಯಾನ್ಸರ್‌ಗಳಿಗಾಗಿ ಅವನ್ನು ಬೆಸೆಯುವುದು ನಮ್ಮ ಕೈಯಲ್ಲೇ ಇರುವ ಕೆಲಸ.

‘ಇಮ್ಯುನೋಥೆರಪಿ ನಮ್ಮಂಥವರ ಕೈಗೆಟುಕುವುದಲ್ಲ’ ಎಂಬ ಮಾತು ಸುಳ್ಳೇನಲ್ಲ. ಆದರೆ ಅಲ್ಲೂ ನಮ್ಮ ದೇಶದ ವೈದ್ಯರೇ ದಾರಿ ಹುಡುಕಿದ್ದಾರೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ ತಲೆ-ಕುತ್ತಿಗೆ ಕ್ಯಾನ್ಸರ್‌ನ 151 ರೋಗಿಗಳಲ್ಲಿ ಒಂದು ಪ್ರಯೋಗ ಮಾಡಿತು. ಮಾಮೂಲಿ ಪ್ರಮಾಣದ ಹತ್ತನೇ ಒಂದು ಪಾಲಿಗಿಂತ ಕಡಿಮೆ, ಅಂದರೆ ಮೂರು ವಾರಕ್ಕೆ 20 ಮಿಲಿಗ್ರಾಂ ನಿವೊಲುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧಿಯನ್ನು ಅಗ್ಗದ ಮಾತ್ರೆಗಳ ಜೊತೆ ಕೊಟ್ಟಾಗ, ಒಂದು ವರ್ಷ ಬದುಕುಳಿದವರ ಪ್ರಮಾಣ ಶೇ 16.3ರಿಂದ ಶೇ 43.4ಕ್ಕೆ ಏರಿತು. ಅದು ಬೇರೆ ಕ್ಯಾನ್ಸರ್, ನಿಜ. ರಕ್ತನಾಳದ ಕ್ಯಾನ್ಸರ್‌ಗೂ ಅದೇ ಪ್ರಮಾಣ ಸಾಕು ಎನ್ನಲು ಪ್ರತ್ಯೇಕ ಪ್ರಯೋಗವೇ ಆಗಬೇಕು. ಔಷಧಿ ದುಬಾರಿಯಾದ ದೇಶದಲ್ಲಿ ಯಾರಿಗೆ ಅದು ಹಿಡಿಯುತ್ತದೆ ಎಂದು ಮೊದಲೇ ಹೇಳುವ ನಕ್ಷೆ ಶ್ರೀಮಂತ ದೇಶಗಳಿಗಿಂತ ನಮಗೇ ಹೆಚ್ಚು ಅಗತ್ಯ. ಫಲ ಕೊಡದ ಔಷಧಿಗಾಗಿ ಹೊಲ ಮಾರುವ ಕುಟುಂಬವನ್ನು ಅದು ಉಳಿಸಬಲ್ಲದು.

ನಾವೇನು ಮಾಡಬೇಕು

ಮೊದಲಿಗೆ, ಹೆದರಿಕೆ ಬೇಡ. ಹಸುಗೂಸುಗಳ ಮೈಮೇಲೆ ಹುಟ್ಟಿದ ಕೆಲ ವಾರಗಳಲ್ಲಿ ಏಳುವ ಕೆಂಪು ಗಂಟುಗಳು ಬಹುತೇಕ ಹೆಮಾಂಜಿಯೋಮಾ. ಅದು ಕ್ಯಾನ್ಸರ್ ಅಲ್ಲ, ಹೆಚ್ಚಿನವು ತಾವಾಗಿಯೇ ಕರಗುತ್ತವೆ. ಚಿಕಿತ್ಸೆ ಬೇಕಾದರೂ ಪ್ರೊಪ್ರನೊಲಾಲ್ ಎಂಬ ಹಳೆಯ ಹೃದಯದ ಔಷಧಿ ಕೆಲಸ ಮಾಡುತ್ತದೆಂಬುದನ್ನು ಫ್ರಾನ್ಸಿನ ವೈದ್ಯರು 2008ರಲ್ಲಿ ಕಂಡುಕೊಂಡರು. ಆದರೆ ವಯಸ್ಸಾದವರ ತಲೆ, ಮುಖದ ಮೇಲೆ, ವಿಕಿರಣ ಪಡೆದ ಎದೆಯ ಮೇಲೆ ಅಥವಾ ಹಳೆಯ ಊತವಿರುವ ಕೈಕಾಲಿನ ಮೇಲೆ ಪೆಟ್ಟಿಲ್ಲದೆ ಬಂದು ಎರಡು-ಮೂರು ವಾರದಲ್ಲಿ ಮಾಯದೆ ಹಿಗ್ಗುವ ನೇರಳೆ ಕಲೆಯನ್ನು ಬಯಾಪ್ಸಿ ಮಾಡಿಸಲೇಬೇಕು. ಸರಿಯಾಗಿ ಮಾಡಿದ ಬಯಾಪ್ಸಿಯಿಂದ ಕ್ಯಾನ್ಸರ್ ಹರಡುವುದಿಲ್ಲ. ತಡಮಾಡಿದರೆ ಹರಡುತ್ತದೆ.

ರೋಗ ಖಚಿತವಾದವರು ತಮ್ಮ ಬ್ಲಾಕ್ ಮತ್ತು ಸ್ಲೈಡುಗಳನ್ನು ಕೇಳಿ ಪಡೆಯಬಹುದು, ಇನ್ನೊಂದು ಕೇಂದ್ರದಲ್ಲಿ ಅಭಿಪ್ರಾಯ ಕೇಳಬಹುದು. 2012ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ದೇಶದ 300ಕ್ಕೂ ಹೆಚ್ಚು ಕೇಂದ್ರಗಳನ್ನು ಜೋಡಿಸಿದೆ. ವೈದ್ಯರು ಸಂಶೋಧನೆಗೆ ಒಪ್ಪಿಗೆ ಕೇಳಿದರೆ, ಏನು ಮಾಡುತ್ತಾರೆಂದು ಪ್ರಶ್ನಿಸಿ ತಿಳಿದುಕೊಂಡು, ಮನಸ್ಸು ಒಪ್ಪಿದರೆ ಸಹಿ ಹಾಕಿ. ಆಸ್ಪತ್ರೆಗಳು ಅಪರೂಪದ ಕ್ಯಾನ್ಸರ್‌ಗಳ ಬ್ಲಾಕುಗಳನ್ನು ಇಷ್ಟು ವರ್ಷವಾಯಿತೆಂಬ ಲೆಕ್ಕದಲ್ಲಿ ಎಸೆಯದೆ ಜೋಪಾನ ಮಾಡಬೇಕು. ಸರ್ಕಾರ ಕ್ಯಾನ್ಸರ್ ನೋಂದಣಿಯನ್ನು ನಗರದ ಗಡಿ ದಾಟಿಸಿ ಮಾಗಡಿ, ಕನಕಪುರ, ಚನ್ನಪಟ್ಟಣದ ಹಳ್ಳಿಗಳವರೆಗೆ ಒಯ್ಯಬೇಕು. ಅಮೆರಿಕದಲ್ಲಿ 36 ರೋಗಿಗಳ ಒಪ್ಪಿಗೆಯಿಂದ ಒಂದು ಕಾಯಿಲೆಯ ತಿಳಿವಳಿಕೆಯೇ ಬದಲಾಯಿತು. ಅಷ್ಟು ಜನರನ್ನು ಕರ್ನಾಟಕ ಒಂದುಗೂಡಿಸಲಾರದು ಎಂದು ಹೇಳಲು ಯಾವ ಕಾರಣವೂ ಇಲ್ಲ. ಈ ಕೆಲಸ ಈಗಲೇ ಶುರುವಾಗಲಿ.